ರಟ್ಟಿನ ಕೆಳಗಿನ ಹುಡುಗಿ

ಫೋಟೋ ತೆಗೆಯುವ ಕೆಲಸಕ್ಕೆ ಇಳಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಕೇಳುವುದೆಲ್ಲ ಕ್ಯಾಮೆರಾದ ಸಂಗತಿ. ಎಷ್ಟು ಭಾರ ಇತ್ತು, ಕರೆಂಟು ಇಲ್ಲದಾಗ ಏನು ಮಾಡುತ್ತಿದ್ದಿರಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರೆ ಏನು ಕಾಣುತ್ತಿತ್ತು, ಹೀಗೆ. ಹೇಳುತ್ತೇನೆ, ಹೇಳದೆ ಏನು. ಆದರೆ ಅವರು ಕೇಳದೆ ಇರುವ ಒಂದು ಮಾತು ನನ್ನ ಹತ್ತಿರ ಇದೆ. ಮಕ್ಕಳಿರುವ ಮನೆಯವರು ವರ್ಷಕ್ಕೊಂದು ಸಲ, ತಪ್ಪದೆ, ಒಂದೇ ಜಾಗದಲ್ಲಿ ಕೂತು ಪಟ ತೆಗೆಸಬೇಕು. ಹಬ್ಬಕ್ಕೆ, ಮದುವೆಗೆ ತೆಗೆಸಿದ್ದು ಸಾಲದು. ಹೀಗೆ ಹೇಳಿದರೆ ಮುದುಕ ಗಿರಾಕಿ ಹಿಡಿಯುವ ಚಾಳಿ ಬಿಟ್ಟಿಲ್ಲ ಎಂದು ನಗುತ್ತಾರೆ. ನಗಲಿ. ಈ ಮಾತು ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ಬರೆದಿಡುತ್ತೇನೆ. ಅದರಲ್ಲಿ ನನ್ನ ಹೆಮ್ಮೆಯೂ ಇದೆ, ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ.

ನಾನು ಕೆಲಸಕ್ಕೆ ಸೇರಿದ್ದು 1956ರಲ್ಲಿ, ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲಿದ್ದ ಒಂದು ಸ್ಟುಡಿಯೋದಲ್ಲಿ. ಆಗ ನನಗೆ ಹತ್ತೊಂಬತ್ತು. ಮಾಲೀಕರನ್ನು ಊರೆಲ್ಲ ಪಾಂಡು ಮಾಸ್ತರು ಎನ್ನುತ್ತಿತ್ತು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಎದುರಿಗೆ ಕೂತವರನ್ನು ಗದರಿಸುವ ರೀತಿಗೆ ಆ ಹೆಸರು. ಸ್ಟುಡಿಯೋದ ಮಾಡಿಗೆ ಉತ್ತರದ ಕಡೆ ಸಾಲಾಗಿ ಗಾಜಿನ ಹೆಂಚು ಹಾಕಿಸಿದ್ದರು. ಅಲ್ಲಿಂದ ಇಳಿಯುವ ಬೆಳಕೇ ನಮ್ಮ ಬಂಡವಾಳ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ಕೆಲಸ, ಆಮೇಲೆ ಯಾರು ಬಂದು ಕಾಲು ಹಿಡಿದರೂ ಇಲ್ಲ. ಮೊದಲ ಎರಡು ವರ್ಷ ನಾನು ಕ್ಯಾಮೆರಾ ಮುಟ್ಟಿದವನಲ್ಲ. ಬಾಚಣಿಗೆ, ಕನ್ನಡಿ, ಪೌಡರು ಹಿಡಿದು ನಿಲ್ಲುವುದು, ಮಕ್ಕಳ ಮೂಗು ಒರೆಸುವುದು. ಈಗಲೂ ಯಾವ ಮಗುವನ್ನು ಕಂಡರೂ ನನ್ನ ಕೈ ತಾನಾಗಿ ಅಂಗಿಯ ಕಿಸೆಯ ಕರವಸ್ತ್ರಕ್ಕೆ ಹೋಗುತ್ತದೆ.

ಕ್ಯಾಮೆರಾ ಕೈಗೆ ಬಂದ ಮೇಲೆ ಮೊದಲು ಮಾಡಿದ ಎಡವಟ್ಟು ಬ್ರಹ್ಮಾವರದ್ದು. ಮಾಸ್ತರಿಗೆ ಜ್ವರ. ಎರಡು ಮರದ ಪೆಟ್ಟಿಗೆಯನ್ನು ಬಸ್ಸಿನ ತಲೆಯ ಮೇಲೆ ಕಟ್ಟಿಸಿಕೊಂಡು ನಾನೊಬ್ಬನೇ ಹೋದೆ. ಗದ್ದೆ ತೋಟ ಇದ್ದ ದೊಡ್ಡ ಮನೆ, ಅಂಗಳದ ತುಂಬ ಜನ. ನಾನು ಮಹಾ ತಿಳಿದವನಂತೆ ನಡುವೆ ದೊಡ್ಡ ಕುರ್ಚಿ ಹಾಕಿಸಿ, ಮಕ್ಕಳ ತಂದೆಯನ್ನು ಕರೆದು ಅದರಲ್ಲಿ ಕೂರಿಸಿದೆ. ಅಂಗಳಕ್ಕೆ ಅಂಗಳವೇ ಸುಮ್ಮನಾಯಿತು. ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಕೊಡೆ ತೆಗೆದುಕೊಂಡು ಗದ್ದೆಯ ಕಡೆ ನಡೆದುಬಿಟ್ಟರು. ಅವರು ಆ ಮಕ್ಕಳ ಸೋದರಮಾವ. ಆ ಮನೆ ತಾಯಿಯ ಕಡೆಯಿಂದ ನಡೆಯುವ ಮನೆ, ಯಜಮಾನಿಕೆ ಅವರದ್ದು. ಮಕ್ಕಳ ತಂದೆ ಅಲ್ಲಿ ಬಂದು ಹೋಗುವ ನೆಂಟ. ನಮ್ಮ ಮನೆಯಲ್ಲಿ ಅಪ್ಪನೇ ಎಲ್ಲ, ಹಾಗಾಗಿ ನನ್ನ ತಲೆಗೆ ಅದು ಹೊಳೆಯಲೇ ಇಲ್ಲ.

ಬಾಗಿಲಲ್ಲಿ ಕೂತ ಅಜ್ಜಿ ನನ್ನನ್ನು ಕರೆದರು. "ಹ್ವಾಯ್ ಪಟದವ್ರೇ, ನೀವ್ ಯಾವ್ ಊರವ್ರ್?"

"ಕುಂದಾಪ್ರದವ್ನೇ ಅಮ್ಮ."

"ಹಾಂಗಾರೆ ನಿಮ್ಗ್ ಬುದ್ಧಿ ಬಪ್ಪುಕೆ ಎಂತ ರೋಗ?"

ನನ್ನನ್ನು ಉಳಿಸಿದ್ದು ಆ ತಂದೆಯೇ. ಕುರ್ಚಿಯಿಂದ ಎದ್ದು, "ಬಾವ ಬಂದ್ ಕೂಕಳ್ಳಿ, ನಾನ್ ಹಿಂದ್ ನಿತ್ಕಂತೆ" ಎಂದು ಗದ್ದೆಗೆ ಹೋಗಿ ಮುನಿಸಿಕೊಂಡವರನ್ನು ಕರೆತಂದರು. ಅಂದಿನಿಂದ ನಾನು ಕುರ್ಚಿ ಹಾಕುವ ಮೊದಲು ಮನೆಯ ಅಜ್ಜಿಯನ್ನು ಕೇಳುತ್ತೇನೆ. ಕೆಲಸಕ್ಕೆ ಹೊಸದಾಗಿ ಬಂದವರು ಇದೊಂದನ್ನು ಕಲಿತರೂ ಅರ್ಧ ಕಸುಬು ಕಲಿತ ಹಾಗೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. 1958ರಲ್ಲಿ, ಹೊಸ ಅಕ್ಕಿಯ ಊಟ ಮಾಡುವ ಹೊಸ್ತಿನ ಮರುದಿನ, ತಲ್ಲೂರಿನಿಂದ ಮೂರು ಜನ ಮಹಡಿ ಹತ್ತಿ ಬಂದರು. ಸುಬ್ಬಣ್ಣ ಶೆಟ್ಟರು, ಅವರ ಹೆಂಡತಿ ಗಿರಿಜಕ್ಕ, ನಾಲ್ಕು ವರ್ಷದ ಮಗ ಪ್ರಭಾಕರ. ನಾನು ಮಗನನ್ನು ನಡುವೆ ನಿಲ್ಲಿಸಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದೇ ತಡ, ಗಿರಿಜಕ್ಕ ಎದ್ದು ನಿಂತರು.

"ಮೂರ್ ಜನ ಕೂಕಂಡ್ ಪಟ ತೆಗ್ಸುಕಾಗ. ನಡು ಇದ್ದವ್ರಿಗ್ ಕೇಡ್."

ಆ ನಂಬಿಕೆ ಊರಿನಲ್ಲಿ ಎಲ್ಲರಿಗೂ ಇತ್ತು, ಶೆಟ್ಟರು ಸುಮ್ಮನೆ ನಕ್ಕರು. ಗಿರಿಜಕ್ಕ ನಗಲಿಲ್ಲ. ಪ್ರಭಾಕರನಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ಅವರ ಕೈಯಲ್ಲಿ ಉಳಿದಿರಲಿಲ್ಲ. ಇರುವುದು ಇದೊಂದು, ಅದನ್ನು ನಡುವೆ ನಿಲ್ಲಿಸಿ ಮೂರು ಜನರ ಪಟ ತೆಗೆಸಲು ಆ ತಾಯಿ ಒಪ್ಪುವುದು ಹೇಗೆ? ನಾಲ್ಕನೆಯವರು ಬೇಕು. ನಾನು ಮೆಟ್ಟಿಲು ಇಳಿದೆ. ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಗುಲಾಬಿ ಎಂಬ ಹೆಂಗಸು ದಿನಾ ಕೂರುತ್ತಿದ್ದಳು. ಅವಳ ಮಡಿಲಲ್ಲಿ ವರ್ಷ ತುಂಬಿದ ಒಂದು ಹೆಣ್ಣು ಮಗು. ಹೆಸರು ಸರಸು.

"ಗುಲಾಬಿ, ಹೆಣ್ಣನ್ನ ಒಂದ್ ಗಳಿಗಿ ಕೊಡ್, ಪಟಕ್ಕೆ."

"ಅಳತ್ತ್ ಕಾಣಿ," ಎಂದು ಎತ್ತಿಕೊಟ್ಟಳು.

ಅಳಲಿಲ್ಲ. ಬೆಂಚಿನ ತುದಿಯಲ್ಲಿ ಕೂರಿಸಿದಾಗ ಬೀಳದಿರಲೆಂದು ಗಿರಿಜಕ್ಕ ಬೆನ್ನಿಗೆ ಕೈ ಕೊಟ್ಟರು. ನಾಲ್ಕು ಜನರ ಪಟವಾಯಿತು. ಆದರೆ ತಮ್ಮ ಮನೆಯ ಗೋಡೆಯ ಮೇಲೆ ಯಾರದೋ ಮಗು ಏಕೆ ಎಂದು ಶೆಟ್ಟರ ಪ್ರಶ್ನೆ. ಅದಕ್ಕೆ ನಾನೇ ಉಪಾಯ ಮಾಡಿದೆ. ಪಟದ ಸುತ್ತ ಹಾಕುವ ರಟ್ಟನ್ನು ಒಂದು ಬದಿಗೆ ಅಗಲವಾಗಿ ಕತ್ತರಿಸಿದರೆ ಮಗು ಅದರ ಅಡಿಗೆ ಹೋಗುತ್ತದೆ. ಪಟದೊಳಗೆ ನಾಲ್ಕು ಜನ ಇರುತ್ತಾರೆ, ಹೊರಗೆ ಮೂರು ಜನ ಕಾಣುತ್ತಾರೆ. ಗಿರಿಜಕ್ಕನ ಹೆದರಿಕೆಯೂ ಹೋಯಿತು, ಶೆಟ್ಟರ ಗೋಡೆಯೂ ಸರಿಯಾಯಿತು. ಮಾಸ್ತರು ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು. ನನಗೆ ಆಗ ನೆಲ ಕಾಣುತ್ತಿರಲಿಲ್ಲ.

ಮರುವರ್ಷ ಹೊಸ್ತಿನ ಮರುದಿನ ಅವರು ಮತ್ತೆ ಬಂದರು. ಮಗ ಆ ವರ್ಷ ಒಂದು ನೆಗಡಿ ಕೂಡ ಬರದೆ ಬೆಳೆದಿದ್ದ. ಗಿರಿಜಕ್ಕ ಕೈಯಲ್ಲಿ ಒಂದು ಹೊಸ ಫ್ರಾಕು ಹಿಡಿದುಕೊಂಡೇ ಬಂದಿದ್ದರು. "ಹ್ವಾದ್ ವರ್ಷದ್ ಹೆಣ್ಣೇ ಬೇಕ್. ಬೇರೆಯವ್ರ್ ಆಪ್ದಿಲ್ಲ," ಎಂದರು. ಅಲ್ಲಿಂದ ಮುಂದೆ ಅದು ಪದ್ಧತಿಯೇ ಆಯಿತು. ವರ್ಷಕ್ಕೊಂದು ಫ್ರಾಕು, ವರ್ಷಕ್ಕೊಂದು ಪಟ. ಸರಸು ಮೊದಲು ಬೆನ್ನಿಗೆ ಕೈ ಬೇಕಾದವಳು, ಆಮೇಲೆ ತಾನೇ ಬೆಂಚು ಹತ್ತಿದಳು, ಆಮೇಲೆ ತುದಿಯಲ್ಲಿ ಗಿರಿಜಕ್ಕನ ಪಕ್ಕ ನಿಂತಳು. ನಾನು ಪ್ರತಿ ವರ್ಷ ರಟ್ಟನ್ನು ಸ್ವಲ್ಪ ಸ್ವಲ್ಪ ಹೆಚ್ಚು ಅಗಲ ಮಾಡಿದೆ.

ಈ ನಡುವೆ ವರ್ಷ ವರ್ಷದ ಪಟದ ಬೆಲೆ ನನಗೆ ಬೈಂದೂರಿನಲ್ಲಿ ಗೊತ್ತಾಯಿತು. ಅಲ್ಲಿ ಶಾಲೆಯ ಮೇಷ್ಟರೊಬ್ಬರು ತಮ್ಮ ನಾಲ್ಕು ಮಕ್ಕಳನ್ನು ಪ್ರತಿ ಬೇಸಗೆ ರಜೆಯಲ್ಲಿ ಮನೆಯ ಕಂಬಕ್ಕೆ ತಾಗಿಸಿ ನಿಲ್ಲಿಸಿ ಪಟ ತೆಗೆಸುತ್ತಿದ್ದರು. ಎರಡನೆಯ ಹುಡುಗಿ ಕಮಲ ನೆಟ್ಟಗೆ ನಿಲ್ಲುವವಳೇ ಅಲ್ಲ. "ಭುಜ ಸಮ ಮಾಡ್, ಎಂತಕೆ ವಾಲ್ತೆ?" ಎಂದು ನಾನು ನಾಲ್ಕು ವರ್ಷ ಗದರಿಸಿದ್ದೇನೆ, ಭುಜ ಹಿಡಿದು ಎತ್ತಿ ನಿಲ್ಲಿಸಿದ್ದೇನೆ. ನಾಲ್ಕನೆಯ ವರ್ಷ ಪಟದ ಕಲೆಗಳನ್ನು ಪೆನ್ಸಿಲಿನಿಂದ ತಿದ್ದುವಾಗ ಹಳೆಯ ಮೂರನ್ನು ಪಕ್ಕ ಇಟ್ಟು ನೋಡಿದೆ. ಹಿಂದಿನ ಕಂಬ ನೆಟ್ಟಗೆ, ಹುಡುಗಿಯ ಎಡಭುಜ ವರ್ಷ ವರ್ಷ ಕೆಳಗೆ. ತುಂಟತನ ಹೀಗೆ ಕ್ರಮವಾಗಿ ಬೆಳೆಯುವುದಿಲ್ಲ. ನಾಲ್ಕನ್ನೂ ಕಾಗದದಲ್ಲಿ ಸುತ್ತಿ ಬಸ್ಸು ಹತ್ತಿ ಮೇಷ್ಟರ ಮನೆಗೆ ಹೋದೆ. ಅವರು ಡಾಕ್ಟರಿಗೆ ತೋರಿಸಿದರು. ಬೆನ್ನೆಲುಬು ಬಾಗುತ್ತಿತ್ತು. ಸಮಯಕ್ಕೆ ಸರಿಯಾಗಿ ಪಟ್ಟಿ ಬಿತ್ತು, ವ್ಯಾಯಾಮವಾಯಿತು, ಹುಡುಗಿ ಸರಿಹೋದಳು. ದಿನಾ ಕಣ್ಣೆದುರು ಓಡಾಡುವ ಮಗು ಬದಲಾಗಿದ್ದು ಹೆತ್ತವರಿಗೆ ಕಾಣುವುದಿಲ್ಲ. ಅದನ್ನು ಪಟ ತೋರಿಸಿತು, ತೆಗೆದವನು ನಾನು. ಅವಳನ್ನು ಗದರಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಅದಕ್ಕಿಂತ ಹೆಮ್ಮೆಯೇ ಹೆಚ್ಚು. ಸುಳ್ಳು ಏಕೆ ಹೇಳಲಿ.

ಆ ಹೆಮ್ಮೆಯ ಮರುವರ್ಷವೇ ನಾನು ಮೂರ್ಖ ಕೆಲಸ ಮಾಡಿದೆ. ಆಗ ಪಟ ಮೂಡುತ್ತಿದ್ದದ್ದು ಗಾಜಿನ ಹಲಗೆಯ ಮೇಲೆ, ಪ್ಲೇಟು ಎನ್ನುತ್ತಿದ್ದೆವು. ಅದರಿಂದ ಎಷ್ಟು ಪ್ರತಿ ಬೇಕಾದರೂ ಅಚ್ಚು ಹಾಕಬಹುದು. ಆದರೆ ಹಳೆಯ ಪ್ಲೇಟುಗಳು ರಾಶಿ ಬಿದ್ದಾಗ ಸೋಡದ ನೀರಿನಲ್ಲಿ ತೊಳೆದು, ಮುಖಗಳನ್ನೆಲ್ಲ ಉಜ್ಜಿ ತೆಗೆದು, ಬರಿ ಗಾಜು ಮಾಡಿ ಚೌಕಟ್ಟುಗಳಿಗೆ ಹಾಕುತ್ತಿದ್ದೆವು. ಎಲ್ಲ ಸ್ಟುಡಿಯೋಗಳೂ ಹೀಗೆ ಮಾಡುತ್ತಿದ್ದವು. ತಲ್ಲೂರಿನವರ ಪ್ಲೇಟುಗಳನ್ನು ಮಾತ್ರ ನಾನು ಒಂದು ಪೆಟ್ಟಿಗೆಯಲ್ಲಿ ಬೇರೆ ಇಡುತ್ತಿದ್ದೆ. 1963ರಲ್ಲಿ ಮಂಗಳೂರಿನಿಂದ ಗಾಜು ಬರುವುದು ತಡವಾಯಿತು, ಮಾಸ್ತರು ದಿನಾ ಕೂಗಾಡುತ್ತಿದ್ದರು. ಆ ವರ್ಷ ಶೆಟ್ಟರು ತಂದುಕೊಟ್ಟ ಚೌಕಟ್ಟೂ ಸಣ್ಣದು, ರಟ್ಟು ಹಿಡಿಯುವುದಿಲ್ಲ. ನಾನು ಚೂರಿ ತೆಗೆದುಕೊಂಡು ಪಟದ ಬದಿಯನ್ನೇ ಕತ್ತರಿಸಿ, ಸರಸು ಇದ್ದ ತುಂಡನ್ನು ಕಸಕ್ಕೆ ಹಾಕಿದೆ. ಅಷ್ಟು ಸಾಲದೆಂದು ಪ್ಲೇಟನ್ನೂ ಸೋಡದ ನೀರಿಗೆ ಬಿಟ್ಟೆ. ಇಷ್ಟು ವರ್ಷದಲ್ಲಿ ಒಂದು ವರ್ಷ ಹೋದರೆ ಏನಾಯಿತು ಎಂದುಕೊಂಡೆ. ಆ ಗಾಜು ಯಾರದೋ ಮನೆಯ ದೇವರ ಪಟದ ಮೇಲೆ ಹೋಯಿತು. ಚೌಕಟ್ಟಿನೊಳಗೆ ಈಗ ನಿಜವಾಗಿಯೂ ಮೂರೇ ಜನ ಇದ್ದಾರೆ ಎಂದು ಗಿರಿಜಕ್ಕನಿಗೆ ನಾನು ಹೇಳಲಿಲ್ಲ.

ನಾಲ್ಕು ವರ್ಷ ಕಳೆಯಿತು. ಹತ್ತನೆಯ ಪಟವೂ ಆಯಿತು. ಒಂದು ದಿನ ಗುಲಾಬಿ ಬುಟ್ಟಿಯನ್ನು ಕೆಳಗೆ ಬಿಟ್ಟು ಮಹಡಿ ಹತ್ತಿ ಬಂದಳು. ಅವಳು ಮೆಟ್ಟಿಲು ಹತ್ತಿದ್ದನ್ನು ನಾನು ಅದಕ್ಕೆ ಮೊದಲು ಕಂಡದ್ದಿಲ್ಲ. ತಲ್ಲೂರಿನ ಕಡೆ ಮೀನು ಮಾರಲು ಹೋದವಳು ಶೆಟ್ಟರ ಮನೆಯಲ್ಲಿ ನೀರು ಕೇಳಿ ಚಾವಡಿಯವರೆಗೆ ಹೋಗಿದ್ದಳಂತೆ.

"ಶಂಕ್ರಣ್ಣ, ಗ್ವಾಡಿ ಮೇಲ್ ಹತ್ತ್ ಪಟ ಇತ್ತ್. ನಾನ್ ಒಂದೊಂದನ್ನೂ ಕಂಡೆ. ನಮ್ಮ್ ಹೆಣ್ಣ್ ಎಲ್ಲಿತ್?"

"ಇತ್ತ್ ಗುಲಾಬಿ. ರಟ್ಟಿನ್ ಅಡಿಗ್ ಇತ್ತ್."

"ಅಡಿಗ್ ಇದ್ದದ್ದ್ ಯಾರಿಗ್ ಕಾಂತ್ತ್?"

ಅವಳು ಕೋಪದಿಂದ ಕೇಳಿದ್ದರೆ ವಾಸಿಯಿತ್ತು. ನೆಲದ ಮೇಲೆ ಕೂತು ಮೆಲ್ಲಗೆ ಸಂಗತಿ ಹೇಳಿದಳು. ಅವಳ ಗಂಡ ಸೂರ, ಮಗುವಿಗೆ ಮೂರು ತಿಂಗಳಿರುವಾಗ ಅಣ್ಣನ ಜೊತೆ ಬಲೆಯ ಪಾಲಿಗೆ ಜಗಳವಾಡಿ, ಈ ಊರಿಗೆ ಕಾಲಿಡುವುದಿಲ್ಲ ಎಂದು ಬೊಂಬಾಯಿಗೆ ಹೋದವನು. ಅಲ್ಲಿ ಮೀನಿನ ದೋಣಿಯಲ್ಲಿ ದುಡಿಯುತ್ತಾನೆ. ವರ್ಷಕ್ಕೊಂದು ಕಾಗದ. ಪ್ರತಿ ಕಾಗದದಲ್ಲೂ ಮುಂದಿನ ವರ್ಷ ಬರುತ್ತೇನೆ ಎಂಬ ಮಾತು. ಬಂದದ್ದಿಲ್ಲ. ಮಗಳ ಪಟ ವರ್ಷ ವರ್ಷ ದೊಡ್ಡವರ ಮನೆಯಲ್ಲಿ ಏರುತ್ತಿದೆ ಎಂದು ಇವಳು ಪ್ರತಿ ಸಲ ಬರೆಸಿದ್ದಳು. ಈ ಸಲ ಅವನು ಒಂದು ಪಟ ಕಳಿಸು ಎಂದು ಕೇಳಿದ್ದ.

"ಹೆಣ್ಣಿನ್ ಮುಖ ಕಂಡ್ರೆ ಅವ್ರ್ ಬತ್ರ್. ಕಾಣ್ದೆ ಹ್ಯಾಂಗ್ ಬಪ್ದ್?" ಎಂದಳು.

ಅದಕ್ಕೇನು ಎಂದು ನಾನು ಮರುದಿನವೇ ಸರಸುವನ್ನು ಒಬ್ಬಳನ್ನೇ ನಿಲ್ಲಿಸಿ, ಒಳ್ಳೆಯ ಬೆಳಕಿನಲ್ಲಿ ಒಂದು ಪಟ ತೆಗೆದು, ನಾನೇ ವಿಳಾಸ ಬರೆದು ಅಂಚೆಗೆ ಹಾಕಿದೆ. ಹತ್ತು ವರ್ಷದ ಹುಡುಗಿ, ಎರಡು ಜಡೆ, ಚೂಪು ಮೂಗು. ಚೆಂದದ ಪಟ. ತಿಂಗಳ ಮೇಲೆ ಉತ್ತರ ಬಂತು. ಗುಲಾಬಿ ಅದನ್ನು ಒಡೆಯದೆ ನನ್ನ ಹತ್ತಿರ ತಂದಳು, ಓದಲು ನಾನೇ ಆಗಬೇಕಿತ್ತು. ಅದರಲ್ಲಿ ಬರೆದಿದ್ದದ್ದು ಇಷ್ಟೇ: "ಪಟ ಮುಟ್ಟಿತು. ಇದು ಯಾರ ಮನೆಯ ಹುಡುಗಿ? ನಮ್ಮ ಮಗುವಿನದು ಕಳಿಸು."

ಒಂದು ಸಲ ಮನಸ್ಸಿನಲ್ಲೇ ಓದಿಕೊಂಡೆ. ಆಮೇಲೆ ಅವಳಿಗೆ ಓದಿ ಹೇಳಿದೆ. ಗುಲಾಬಿ ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ರ್ ಬಿಟ್ಟ್ ಹೋಪತಿಗೆ ಇಷ್ಟೇ ಇದ್ದಿತ್ ಕಾಣಿ," ಎಂದು ಮೊಳಕೈಯಿಂದ ಅಂಗೈಯ ತನಕ ತೋರಿಸಿದಳು. ಅವನ ತಲೆಯಲ್ಲಿ ಮಗಳು ಅಷ್ಟೇ ಇದ್ದಳು. ಹತ್ತು ವರ್ಷವನ್ನು ಒಂದೇ ಪಟದಲ್ಲಿ ಕಳಿಸಿದರೆ ಅದು ಅವನಿಗೆ ಪರರ ಮಗು. ಮೂರು ತಿಂಗಳ ಕೂಸಿನಿಂದ ಎರಡು ಜಡೆಯ ಹುಡುಗಿಯ ತನಕ ಅವನನ್ನು ಒಂದೊಂದು ಮೆಟ್ಟಿಲು ಹತ್ತಿಸಿಕೊಂಡು ಬರಬೇಕು. ಆ ಮೆಟ್ಟಿಲುಗಳು ಲೋಕದಲ್ಲಿ ಇದ್ದದ್ದು ನನ್ನ ಪೆಟ್ಟಿಗೆಯಲ್ಲಿ ಮಾತ್ರ.

ಮಾಸ್ತರು ಒಪ್ಪಲಿಲ್ಲ. "ಗಿರಾಕಿಯ ಪ್ಲೇಟು ಗಿರಾಕಿಯದ್ದು. ಅವರನ್ನು ಕೇಳದೆ ಒಂದು ಬೆರಳೂ ಅಚ್ಚು ಹಾಕಬೇಡ," ಎಂದರು. ಆಗ ಸಿಟ್ಟು ಬಂದಿತ್ತು, ಆದರೆ ಅವರು ಹೇಳಿದ್ದೇ ಸರಿ. ಮುಂದೆ ನಾನೂ ಜೀವಮಾನವಿಡೀ ಅದನ್ನು ಪಾಲಿಸಿದ್ದೇನೆ.

ತಲ್ಲೂರಿಗೆ ಹೋದೆ. ಶೆಟ್ಟರು ಇರಲಿಲ್ಲ, ಗಿರಿಜಕ್ಕ ಅಂಗಳದಲ್ಲಿ ಉದ್ದು ಕೇರುತ್ತಿದ್ದರು. ಎಲ್ಲ ಹೇಳಿದೆ. ಮೊರ ಕೆಳಗಿಟ್ಟರು.

"ಆ ಹೆಣ್ಣನ್ ಪಟದಿಂದ ಬೇರೆ ಮಾಡ್ರೆ ನಾವ್ ಮೂರೇ ಆತ್ತಲೆ ಶಂಕ್ರಣ್ಣ?"

"ನಿಮ್ ಪಟ ಹಾಂಗೇ ಇರತ್ತ್ ಗಿರಿಜಕ್ಕ. ಪ್ಲೇಟಿಂದ ಇನ್ನೊಂದ್ ಪ್ರತಿ ತೆಗುದ್, ಅಷ್ಟೇ."

"ಹಾಂಗಾರೆ ಮೊದ್ಲ್ ನಂಗ್ ತೋರ್ಸಿ. ನಾನ್ ಫ್ರಾಕ್ ತಂದ್ ಕೊಟ್ಟದ್ದೇ, ಒಂದ್ ಪಟದಂಗೂ ಅದನ್ ಕಂಡವ್ಳಲ್ಲ."

ಹತ್ತು ಚೌಕಟ್ಟುಗಳನ್ನು ಇಳಿಸಿ ಚಾವಡಿಯ ನೆಲದ ಮೇಲೆ ಸಾಲಾಗಿ ಇಟ್ಟೆವು. ಹಿಂದಿನ ಮೊಳೆ ಕಿತ್ತು ರಟ್ಟು ಸರಿಸಿದೆ. ಮೊದಲನೆಯದರಲ್ಲಿ ಮಗು, ಬೆನ್ನಿಗೆ ಗಿರಿಜಕ್ಕನ ಕೈ. ಅವರು ಬಾಯಿಗೆ ಸೆರಗು ಹಿಡಿದುಕೊಂಡರು. ಎರಡು, ಮೂರು, ನಾಲ್ಕು, ಐದು. ಪ್ರತಿ ಫ್ರಾಕಿನ ಬಣ್ಣ ಅವರಿಗೆ ಬಾಯಿಪಾಠ ಇತ್ತು. ಆರನೆಯದಕ್ಕೆ ಬಂದಾಗ ನಾನು ಕೈ ನಿಲ್ಲಿಸಿದೆ.

"ಇದನ್ನ ಒಡ್ಯುದ್ ಬ್ಯಾಡ ಗಿರಿಜಕ್ಕ."

"ಎಂತಕೆ?"

ಹೇಳಿದೆ. ಕತ್ತರಿಸಿದ್ದು, ಎಸೆದದ್ದು, ತೊಳೆದದ್ದು, ಮುಚ್ಚಿಟ್ಟದ್ದು, ಒಂದನ್ನೂ ಬಿಡಲಿಲ್ಲ. ಗಿರಿಜಕ್ಕ ಆ ಚೌಕಟ್ಟನ್ನು ಎತ್ತಿಕೊಂಡರು. ಅಪ್ಪ, ಅಮ್ಮ, ನಡುವೆ ಮಗ. ಮೂರು ಜನ. ಇನ್ನು ನನ್ನನ್ನು ಈ ಮನೆಯ ಹೊಸ್ತಿಲು ತುಳಿಯಬೇಡ ಎನ್ನುತ್ತಾರೆ, ಪ್ಲೇಟಿನ ಮಾತು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಕರುವನ್ನು ಮೀಯಿಸಿ ಮೈಯೆಲ್ಲ ನೀರು ಮಾಡಿಕೊಂಡ ಪ್ರಭಾಕರ ಒಳಗೆ ಬಂದ. ಹದಿಮೂರು ವರ್ಷ, ಆಗಲೇ ತಾಯಿಗಿಂತ ಎತ್ತರ.

"ಅಬ್ಬಿ, ಹಶು ಆತ್ತ್," ಎಂದು ತಾಯಿಗೆ ಹೇಳಿದ.

ಗಿರಿಜಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮತ್ತೆ ಪಟ ನೋಡಿದರು. "ನಾಲ್ಕ್ ವರ್ಷ ಗ್ವಾಡಿ ಮೇಲ್ ಮೂರೇ ಜನ ಇದ್ದಿತ್," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಶೆಟ್ರಿಗ್ ಹೇಳುಕ್ ಹೋಗ್ಬೇಡಿ. ಅವ್ರ್ ಜೀಂವ ಇಪ್ಪ ತನ್ಕ ನನ್ನ್ ಕಂಡ್ ನಗ್ಯಾಡ್ತ್ರ್," ಎಂದರು. ಉಳಿದ ನಾಲ್ಕನ್ನೂ ಬಿಚ್ಚಿ ತೋರಿಸಿ, ಒಂಬತ್ತನ್ನೂ ಮತ್ತೆ ಮುಚ್ಚಲು ರಟ್ಟು ಎತ್ತಿಕೊಂಡೆ. ಅವರು ತಡೆದರು.

"ರಟ್ಟ್ ಬ್ಯಾಡ. ಹೆಣ್ಣ್ ಕಾಣ್ಲಿ."

ಅಂದಿನಿಂದ ತಲ್ಲೂರಿನ ಆ ಗೋಡೆಯ ಮೇಲೆ ಸರಸು ಎಲ್ಲರಿಗೂ ಕಾಣುವ ಹಾಗೆ ಇದ್ದಳು. ಯಾರಾದರೂ ಯಾರಿದು ಎಂದರೆ ನಮ್ಮ ನಾಲ್ಕನೆಯವಳು ಎಂದು ಗಿರಿಜಕ್ಕ ಹೇಳುತ್ತಿದ್ದರಂತೆ. ನನ್ನ ಉಪಾಯದ ರಟ್ಟುಗಳು ಅವರ ಬಚ್ಚಲೊಲೆಗೆ ಹೋದವು, ಅದೇ ಅವಕ್ಕೆ ಸರಿಯಾದ ಜಾಗ.

ಒಂಬತ್ತು ಪ್ಲೇಟು ಎದುರಿಗಿಟ್ಟುಕೊಂಡು ಒಂದು ವಾರ ಕೆಲಸ ಮಾಡಿದೆ. ಪ್ರತಿಯೊಂದರಲ್ಲೂ ಉಳಿದವರನ್ನು ಮರೆಮಾಡಿ ಸರಸುವನ್ನು ಮಾತ್ರ ಅಚ್ಚು ಹಾಕಬೇಕು, ಮುಖದ ಅಳತೆ ಒಂದಕ್ಕೊಂದು ಹೊಂದಬೇಕು. ಮೊದಲನೆಯದರಲ್ಲಿ ಗಿರಿಜಕ್ಕನ ಕೈ ಬಿಡಿಸಲು ಆಗಲಿಲ್ಲ. ಪೆನ್ಸಿಲ್ ತೆಗೆದು ಅಳಿಸಲು ಹೊರಟೆ. ಹಿಂದೆ ನಿಂತು ನೋಡುತ್ತಿದ್ದ ಮಾಸ್ತರು, "ಕೈ ತೆಗೀಬೇಡ. ಕೈ ಇಲ್ಲದಿದ್ರೆ ಮಗು ಬೀಳ್ತದೆ," ಎಂದರು. ಅವರು ನನಗೆ ಕಲಿಸಿದ ಪಾಠಗಳಲ್ಲಿ ಅದೇ ದೊಡ್ಡದು. ಪ್ರತಿ ಪಟದ ಹಿಂದೆ ವಯಸ್ಸು ಬರೆದೆ. ಒಂದು ವರ್ಷ, ಎರಡು ವರ್ಷ, ಹೀಗೆ ಹತ್ತರವರೆಗೆ. ಆರು ಮಾತ್ರ ಇರಲಿಲ್ಲ. ನನ್ನ ಕೆಲಸದ ಆಯುಷ್ಯದಲ್ಲಿ ಅಷ್ಟು ಚೊಕ್ಕವಾಗಿ ಇನ್ನೇನನ್ನೂ ಮಾಡಿಲ್ಲ. ಹೀಗೆ ಹೇಳಿಕೊಳ್ಳುವುದು ದೊಡ್ಡಸ್ತಿಕೆಯಾದರೆ ಆಗಲಿ.

ಕಟ್ಟು ಬೊಂಬಾಯಿಗೆ ಹೋಯಿತು. ಒಂದು ತಿಂಗಳು, ಎರಡು ತಿಂಗಳು, ಉತ್ತರವಿಲ್ಲ. ಗುಲಾಬಿ ಕೇಳುವುದನ್ನೂ ಬಿಟ್ಟಳು. ನಾನು ಮಹಡಿ ಹತ್ತುವಾಗ ಅವಳ ಕಡೆ ನೋಡದೆ ಹತ್ತುತ್ತಿದ್ದೆ. ಮಳೆ ಹಿಡಿಯಲು ಇನ್ನು ಕೆಲವು ದಿನ ಇದೆ ಎನ್ನುವಾಗ ಕಾಗದದ ಬದಲು ಸೂರನೇ ಬಂದು ಇಳಿದ. ಊರಿಗೆ ಕಾಲಿಡುವುದಿಲ್ಲ ಎಂದಿದ್ದ ಮನುಷ್ಯ ಬಸ್ಸಿನಿಂದ ಇಳಿದು ನೇರ ಮೆಟ್ಟಿಲ ಕೆಳಗಿನ ಬುಟ್ಟಿಯ ಹತ್ತಿರ ಬಂದು ನಿಂತನಂತೆ. ಆ ಸುದ್ದಿ ಕೇಳಿದಾಗ ನಾನು ಯಾರದೋ ಮದುವೆಯ ಪಟ ತೆಗೆಯುತ್ತಿದ್ದೆ. ಒಂದು ಪ್ಲೇಟು ಹಾಳು ಮಾಡಿದೆ.

ಆದರೆ ಬಂದ ಮೇಲೆ ಇನ್ನೊಂದು ಕಷ್ಟ. ಎಂಟು ದಿನವಾದರೂ ಸರಸು ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ಒಳಗೆ ಬಂದರೆ ಇವಳು ಹೊರಗೆ. ಅವನು ತಂದ ಬಳೆ ಮುಟ್ಟಲಿಲ್ಲ, ಕರೆದರೆ ಓ ಎನ್ನಲಿಲ್ಲ. ಗಂಡ ಹೀಗೇ ಬೇಸತ್ತು ಹಿಂತಿರುಗಿದರೆ ಇನ್ನು ಯಾವ ಪಟವೂ ಅವನನ್ನು ಕರೆತರುವುದಿಲ್ಲ ಎಂದು ಗುಲಾಬಿಗೆ ಹೆದರಿಕೆ. ಒಂಬತ್ತನೆಯ ದಿನ ಮಧ್ಯಾಹ್ನ ಇಬ್ಬರನ್ನೂ ಮಹಡಿ ಹತ್ತಿಸಿಕೊಂಡು ಬಂದಳು.

"ಅಪ್ಪ ಮಗಳದ್ದ್ ಒಂದ್ ತೆಗ್ದ್ ಕೊಡಿ ಶಂಕ್ರಣ್ಣ. ನಂದ್ ಬ್ಯಾಡ, ಅವ್ರಿಬ್ರದ್ದೇ."

ಗಂಟೆ ಆಗಲೇ ಮೂರು ದಾಟಿತ್ತು. ಬೇಗ ಬೇಗ ಎಂದು ನಾನು ಕ್ಯಾಮೆರಾ ಎಳೆದು ನಿಲ್ಲಿಸಿದೆ. ಸೂರ ಬೆಂಚಿನ ಮೇಲೆ ಕೂತ. ಕಡಲಿನ ಬಿಸಿಲಿಗೆ ಕಪ್ಪಾದ, ಮಾತು ಕಡಿಮೆಯ ಮನುಷ್ಯ. ಸರಸು ಬಾಗಿಲನ್ನು ಬಿಟ್ಟು ಬರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ನಿಂತಳು. ಅವಳನ್ನು ಗದರಿಸಲು ಬಾಯಿ ತೆರೆದವನು ಬೈಂದೂರಿನ ಕಮಲ ನೆನಪಾಗಿ ಸುಮ್ಮನಾದೆ. ಸೂರ ಅಂಗಿಯ ಒಳಗಿಂದ ಒಂದು ಬಟ್ಟೆಯ ಗಂಟು ತೆಗೆದ. ನನ್ನ ಒಂಬತ್ತು ಪಟಗಳು. ಅಂಚು ಸವೆದು ಮೆತ್ತಗಾಗಿದ್ದವು. ಬೆಂಚಿನ ಮೇಲೆ ಒಂದೊಂದಾಗಿ ವಯಸ್ಸಿನ ಕ್ರಮದಲ್ಲಿ ಜೋಡಿಸಿದ. ಐದಕ್ಕೂ ಏಳಕ್ಕೂ ನಡುವೆ ಒಂದು ಅಂಗೈಯಷ್ಟು ಜಾಗ ಬಿಟ್ಟ.

"ಇಲ್ಲೊಂದ್ ಇಲ್ಲ," ಎಂದ. "ಆರ್ ವರ್ಷದ್ದ್. ನಾನ್ ದೋಣಿಯಂಗ್ ಕೂಕಂಡ್ ದಿನಾ ಕಾಂತೆ. ಐದರಂಗ್ ಸಣ್ಣದ್ ಇತ್ತ್, ಏಳರಂಗ್ ದೊಡ್ಡದಾಯ್ತ್. ನಡು ಎಂತ ಆಯ್ತ್ ಅಂದೇ ಗೊತ್ತಾಪ್ದಿಲ್ಲ."

"ಅದ್ ನನ್ ತಪ್ಪ್ ಸೂರ," ಎಂದೆ. "ನಾನೇ ನನ್ ಕೈಯಾರೆ ತೊಳ್ದೆ. ಇನ್ನ್ ಅದ್ ಸಿಕ್ಕುದಿಲ್ಲ."

ಅವನು ಬೈಯಲಿಲ್ಲ. ಖಾಲಿ ಜಾಗದ ಮೇಲೆ ಕೈ ಇಟ್ಟುಕೊಂಡು ಕೂತ. ಗುಲಾಬಿ ನೆಲ ನೋಡುತ್ತಿದ್ದಳು.

"ಆ ವರ್ಷ ನಂಗ್ ಮುಂದಿನ್ ಎರಡ್ ಹಲ್ಲ್ ಇರ್ಲಿಲ್ಲ."

ಸರಸು. ಗೋಡೆಯ ಕಡೆಗೇ ಮುಖ ಇತ್ತು.

ಸೂರ ತಲೆ ಎತ್ತಿದ. ಅವಳನ್ನು ನೇರ ನೋಡಿದರೆ ಎಲ್ಲಿ ಮಾತು ನಿಂತುಹೋಗುತ್ತದೋ ಎನ್ನುವಂತೆ ಮತ್ತೆ ಬೆಂಚಿನ ಕಡೆ ನೋಡಿ ಕೇಳಿದ. "ಎರಡೂವಾ?"

"ಎರಡೂ. ಬಾಯ್ ಮುಚ್ಕಂಡ್ ನಿಲ್ ಅಂದ್ರ್ ಶಂಕ್ರಣ್ಣ. ನಾನ್ ಮುಚ್ಲಿಲ್ಲ."

"ಫ್ರಾಕ್ ಯಾವ್ ಬಣ್ಣ?"

"ಹಸ್ರ್." ಒಂದು ಹೆಜ್ಜೆ ಇತ್ತ ಬಂದಳು. "ಅದ್ರಂಗ್ ಎರಡ್ ಕಿಸೆ ಇದ್ದಿತ್. ನಾನ್ ಶಾಲಿಗ್ ಹೋಪುಕ್ ಶುರು ಮಾಡದ್ದೂ ಆಗಳೇ."

"ಮತ್ತೆ?"

ಅವಳು ಬೆಂಚಿನ ಹತ್ತಿರ ಬಂದು, ಪಟಗಳ ಆ ಕಡೆ ಕೂತು, ಬಿಟ್ಟ ಜಾಗದ ಮೇಲೆ ಬೆರಳಿಟ್ಟು ಆರನೆಯ ವರ್ಷವನ್ನು ಮೊದಲಿನಿಂದ ಹೇಳತೊಡಗಿದಳು. ಸ್ಲೇಟು ಒಡೆದದ್ದು, ಹೊಳೆಯಲ್ಲಿ ಚಪ್ಪಲಿ ಹೋದದ್ದು, ಜ್ವರ ಬಂದು ಅಬ್ಬಿ ಮೂರು ದಿನ ಮೀನು ಮಾರಲು ಹೋಗದೆ ಇದ್ದದ್ದು. ಅವನು ಪ್ರತಿ ಮಾತಿಗೂ ಮತ್ತೆ, ಮತ್ತೆ ಎನ್ನುತ್ತಿದ್ದ. ನಾನು ಕಪ್ಪು ಬಟ್ಟೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಮಾಡಿನ ಗಾಜಿನಲ್ಲಿ ಬೆಳಕು ಇಳಿಯುತ್ತಾ ಬಂತು. ಇನ್ನೈದು ನಿಮಿಷ ಹೋದರೆ ಪಟ ಆಗುವುದಿಲ್ಲ. ನಾನು ಕರೆಯಲಿಲ್ಲ.